ಇಂಗ್ಲೆಂಡಿಗೆ ಹೊರಟ ನಮ್ಮ ಕೊಡಗಿನ ಮಕ್ಕಳಿಗೆ: ಡಾಕ್ಟರ ಹತ್ತು ನಿಮಿಷ

ಕಾಫಿ ಕೊಯ್ಲಿಗೆಂದು ರಜೆ ಹಾಕಿ ಸೋಮವಾರಪೇಟೆಯ ಮನೆಗೆ ಬಂದಿದ್ದೇನೆ. ಈ ಹದಿನೈದು ದಿನದಲ್ಲಿ ಇಂಗ್ಲೆಂಡಿಗೆ ಹೊರಟಿರುವ ನಾಲ್ಕು ಮಕ್ಕಳು ಬಂದು ಮಾತಾಡಿಸಿಕೊಂಡು ಹೋದರು. ಎಲ್ಲರೂ ಕೇಳಿದ್ದು ಸ್ವೆಟರ್, ಕುಕ್ಕರ್, ಒಣಮೀನಿನ ವಿಚಾರ. ಹುಷಾರು ತಪ್ಪಿದರೆ ಏನು ಮಾಡಬೇಕೆಂದು ಒಬ್ಬರೂ ಕೇಳಲಿಲ್ಲ. ಹನ್ನೆರಡು ವರ್ಷದಿಂದ ಅಲ್ಲಿರುವವಳು ನಾನು, ಕೇಳದಿದ್ದರೂ ಹೇಳುತ್ತೇನೆ.

ನಮ್ಮೂರಿನ ಡಾಕ್ಟರಿಗೆ ನಿಮ್ಮ ಮನೆ ಗೊತ್ತು, ಅಜ್ಜನ ಸಕ್ಕರೆ ಕಾಯಿಲೆ ಗೊತ್ತು, ಹೋದ ಮಳೆಗಾಲದಲ್ಲಿ ನಿಮಗೆ ಬಂದ ಜ್ವರವೂ ನೆನಪಿರುತ್ತದೆ. ಅಲ್ಲಿ ಎದುರು ಕೂತವರಿಗೆ ಇದು ಯಾವುದೂ ಗೊತ್ತಿಲ್ಲ, ಸಿಗುವುದು ಸುಮಾರು ಹತ್ತು ನಿಮಿಷ. ನಿಮ್ಮ ಆರೋಗ್ಯದ ಕತೆಯನ್ನು ಕಾಗದದ ಮೇಲೆ ನೀವೇ ಹೊತ್ತುಕೊಂಡು ಹೋಗಬೇಕು. ಆ ಕಾಗದ ತಯಾರಾಗಬೇಕಾದದ್ದು ಇಲ್ಲೇ, ಹೊರಡುವ ಮೊದಲು.

ಮಾತ್ರೆಯಿಂದ ಶುರು ಮಾಡಿ. ಡೋಲೋ, ಪ್ಯಾನ್, ಥೈರೋನಾರ್ಮ್, ಟೆಲ್ಮಾ ಎಂದರೆ ಅಲ್ಲಿಯ ಡಾಕ್ಟರಿಗೆ ಅರ್ಥವಾಗುವುದಿಲ್ಲ. ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿರುವ ಹೆಸರು ಬರೆದುಕೊಳ್ಳಿ: ಪ್ಯಾರಾಸಿಟಮಾಲ್, ಪ್ಯಾಂಟೊಪ್ರಜೋಲ್, ಲೆವೊಥೈರಾಕ್ಸಿನ್, ಟೆಲ್ಮಿಸಾರ್ಟನ್. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವಾಗಿನಿಂದ ಎನ್ನುವುದೂ ಇರಲಿ. ಯಾವ ಔಷಧಿಯಿಂದ ಮೈಮೇಲೆ ದದ್ದು ಎದ್ದಿತ್ತೋ ಅದನ್ನು ಕೆಂಪು ಇಂಕಿನಲ್ಲಿ ಬರೆಯಿರಿ. ಸಕ್ಕರೆಯ ಲೆಕ್ಕವೂ ಬೇರೆ. ಇಲ್ಲಿ 126 ಎಂದು ಬರುವುದು ಅಲ್ಲಿ 7, ಏಕೆಂದರೆ ಅವರ ಅಳತೆಗೆ ತರಲು 18ರಿಂದ ಭಾಗಿಸಬೇಕು. ಮೂರು ತಿಂಗಳ ಸರಾಸರಿ ಇಲ್ಲಿ ಶೇಕಡಾ 7 ಇದ್ದರೆ ಅಲ್ಲಿ 53. ಬರಿಯ ಸಂಖ್ಯೆ ಹೇಳಿದರೆ ಇಬ್ಬರಿಗೂ ಗಾಬರಿ, ರಿಪೋರ್ಟನ್ನೇ ತೋರಿಸಿ.

ಅಲ್ಲಿಗೆ ತಲುಪಿದ ವಾರವೇ ಹತ್ತಿರದ ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಬಳಿ ಹೆಸರು ಬರೆಸಿ. ಕಾಯಿಲೆ ಬರಲೆಂದು ಕಾಯಬೇಡಿ. ಅದಕ್ಕೆ ದುಡ್ಡಿಲ್ಲ, ವಿಳಾಸದ ಪುರಾವೆಯೂ ಕಡ್ಡಾಯವಲ್ಲ. ಇಲ್ಲಿಂದ ಮೈಸೂರಿಗೆ ಬಸ್ ಹತ್ತಿ ನೇರ ಹೃದಯದ ಡಾಕ್ಟರನ್ನೋ ಚರ್ಮದ ಡಾಕ್ಟರನ್ನೋ ನೋಡಿದ ಹಾಗೆ ಅಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ, ಜಿಪಿಯೇ ಕಳಿಸಿಕೊಡಬೇಕು. ಅಪಾಯಿಂಟ್‌ಮೆಂಟ್ ಕೇಳುವಾಗ ರಿಸೆಪ್ಷನಿನವರು ಏನು ತೊಂದರೆ ಎಂದು ವಿಚಾರಿಸುತ್ತಾರೆ. ಸಿಟ್ಟಾಗಬೇಡಿ, ಯಾರ ಹತ್ತಿರ ಕಳಿಸಬೇಕೆಂದು ತಿಳಿಯಲು ಕೇಳುವುದು ಅದು. ಹೇಳಲು ಮುಜುಗರವಾದರೆ ಖಾಸಗಿ ವಿಷಯ ಎನ್ನಿ. ಹೆಣ್ಣುಮಕ್ಕಳು ಲೇಡಿ ಡಾಕ್ಟರೇ ಬೇಕೆಂದು ಆಗಲೇ ಕೇಳಬಹುದು.

ಒಳಗೆ ಹೋದ ಮೇಲೆ ನಮ್ಮವರು ಎಡವುವುದು ಮಾತಿನಲ್ಲಿ. ಮೊದಲ ವರ್ಷ ನಾನು ಮಂಡಿನೋವಿನಿಂದ ಶುರು ಮಾಡಿ, ನಿದ್ದೆ ಬರುವುದಿಲ್ಲ ಎಂದು ಹೇಳಿ, ಎದ್ದು ಬಾಗಿಲಿನ ಹತ್ತಿರ ಬಂದಾಗ ಎರಡು ತಿಂಗಳಿನಿಂದ ಮುಟ್ಟು ನಿಲ್ಲದೆ ಹೋಗುತ್ತಿರುವುದನ್ನು ಹೇಳಿದೆ. ಸಮಯ ಮುಗಿದಿತ್ತು. ಇನ್ನೊಂದು ದಿನ ಬರಬೇಕಾಯಿತು. ನಾಚಿಕೆಯ ವಿಷಯವೇ ಬಹಳ ಸಲ ಮುಖ್ಯ ವಿಷಯವಾಗಿರುತ್ತದೆ, ಅದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಬಾಯಿ ಬರದಿದ್ದರೆ ಚೀಟಿ ಕೊಡಿ.

ಪದಗಳೂ ಮೋಸ ಮಾಡುತ್ತವೆ. ‘ಉಷ್ಣ ಆಗಿದೆ’ ಎನ್ನುವುದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿದರೆ ಅವರು ಜ್ವರವೆಂದುಕೊಳ್ಳುತ್ತಾರೆ. ಉರಿಮೂತ್ರವೋ, ಬಾಯಿಹುಣ್ಣೋ, ಕಣ್ಣುರಿಯೋ, ಆಗುತ್ತಿರುವುದನ್ನು ಹೇಳಿ. ‘ಗ್ಯಾಸ್ಟ್ರಿಕ್’ ಎಂದು ಕಾಯಿಲೆಗೆ ನೀವೇ ಹೆಸರಿಡಬೇಡಿ. ಎದೆಯಲ್ಲಿ ಉರಿಯೋ, ಹಿಂಡಿದ ಹಾಗೋ, ಊಟವಾದ ಮೇಲೋ, ಮೆಟ್ಟಿಲು ಹತ್ತುವಾಗಲೋ, ಎಡತೋಳಿಗೆ ಹರಿಯುತ್ತದೆಯೋ ಎಂದು ಬಿಡಿಸಿ ಹೇಳಿ. ಇದರಲ್ಲಿ ಜೀವದ ಪ್ರಶ್ನೆಯಿದೆ. ಎದೆ ಹಿಂಡುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯದೆ 999ಕ್ಕೆ ಫೋನ್ ಮಾಡಿ, ನಮ್ಮ 108 ಇದ್ದ ಹಾಗೆ. ಏನು ಮಾಡಬೇಕೆಂದು ತೋಚದಿದ್ದರೆ 111. ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕೆಂದು ಮುಂಚೆಯೇ ಹೇಳಿ, ಅದಕ್ಕೂ ಹಣವಿಲ್ಲ.

ಶೀತ ಜ್ವರಕ್ಕೆ ಆಂಟಿಬಯೋಟಿಕ್ ಬರೆದುಕೊಡಲಿಲ್ಲವೆಂದು ಡಾಕ್ಟರು ಅಸಡ್ಡೆ ಮಾಡಿದರೆಂದು ತಿಳಿಯಬೇಡಿ. ವೈರಸ್ಸಿಗೆ ಆ ಮಾತ್ರೆ ನಾಟುವುದಿಲ್ಲ. ಬದಲಿಗೆ ಎರಡು ಪ್ರಶ್ನೆ ಕೇಳಿ: ಎಷ್ಟು ದಿನದಲ್ಲಿ ಕಡಿಮೆಯಾಗಬೇಕು? ಏನು ಕಂಡರೆ ನಾನು ಮತ್ತೆ ಬರಬೇಕು? ಉತ್ತರವನ್ನು ಅಲ್ಲೇ ಬರೆದುಕೊಳ್ಳಿ.

ಅಪ್ಪ ಅಮ್ಮನನ್ನು ಮುಂದೆ ಕರೆಸಿಕೊಳ್ಳುವವರು ಅವರಿಗೆ ಇನ್ಶೂರೆನ್ಸ್ ಮಾಡಿಸದೆ ವಿಮಾನ ಹತ್ತಿಸಬೇಡಿ. ವಿಸಿಟರ್ ವೀಸಾದವರು ಆಸ್ಪತ್ರೆಯಲ್ಲಿ ಮಲಗಿದರೆ ಬಿಲ್ ನಿಮ್ಮ ಕೈಗೇ ಬರುತ್ತದೆ.

ಇನ್ನೂ ಹತ್ತು ದಿನ ಊರಲ್ಲಿರುತ್ತೇನೆ. ಹಳೆಯ ಚೀಟಿ, ಮಾತ್ರೆ ಸ್ಟ್ರಿಪ್ಪು, ಲ್ಯಾಬ್ ರಿಪೋರ್ಟು ಎಲ್ಲ ಒಂದು ಚೀಲಕ್ಕೆ ಹಾಕಿ ತನ್ನಿ. ಸಂಜೆ ಕಣದ ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಕೂತು ಪಟ್ಟಿ ಬರೆಯೋಣ.