ಕಪ್ಪು ಕೊನೆಗೆ: ಕ್ಯಾನ್ವಾಸಿನ ಮೇಲೆ ಕಸೂತಿ ಗೋಪುರ

ಚಿತ್ರ ಬಿಡಿಸಲು ಬಾರದವರೂ ಪಡಸಾಲೆಗೆ ಒಪ್ಪುವ ಕ್ಯಾನ್ವಾಸ್ ಮಾಡಬಹುದು, ವಿನ್ಯಾಸ ಕಸೂತಿಯದಾಗಿದ್ದರೆ. ಧಾರವಾಡದ ಕಸೂತಿ ಪೂರ್ತಿ ಎಣಿಕೆಯ ಕೆಲಸ. ಅರಿವಿಯ ಎಳೆ ಎಣಿಸಿ ಸೂಜಿ ಚುಚ್ಚುತ್ತಾರೆ. ಗೆರೆ ಅಡ್ಡ, ಉದ್ದ ಅಥವಾ ಓರೆ, ಬಾಗು ಗೆರೆಯ ಮಾತೇ ಇಲ್ಲ. ಹಾಗಾಗಿ ಸ್ಕೇಲು ಮತ್ತು ಮಾಸ್ಕಿಂಗ್ ಟೇಪು ಇದ್ದರೆ ಸಾಕು. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮುರಗಿಯ ಮೆಟ್ಟಿಲು, ಮೆಂತಿಯ ಗುಣಾಕಾರ ಎರಡನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ. ಹಿನ್ನೆಲೆ ಚಂದ್ರಕಾಳಿ ಸೀರೆಯ ಕಪ್ಪು. ಅಳತೆ 24 ಇಂಚು ಚೌಕ.

ಹೆಚ್ಚಿನವರು ಮೊದಲು ಕಪ್ಪು ಬಳಿದು ಅದರ ಮೇಲೆ ಬಣ್ಣದ ಗೆರೆ ಎಳೆಯಲು ಹೋಗುತ್ತಾರೆ. ಕಪ್ಪಿನ ಮೇಲೆ ಬಿಳಿ ಕೂಡಬೇಕಾದರೆ ಮೂರು-ನಾಲ್ಕು ಕೋಟ್ ಬೇಕು. ಹಳದಿ, ಕಿತ್ತಳೆ ಎಷ್ಟು ಬಳಿದರೂ ಮಬ್ಬೇ. ಅಡ್ಡ ಗೆರೆ ಒಣಗುವವರೆಗೆ ಉದ್ದ ಗೆರೆ ಮುಟ್ಟುವಂತಿಲ್ಲ. ಉಲ್ಟಾ ಮಾಡಿದರೆ ಈ ತಾಪತ್ರಯವೆಲ್ಲ ತಪ್ಪುತ್ತದೆ: ಕೆಳಗೆ ಬಣ್ಣ, ಗೆರೆ ಇರಬೇಕಾದಲ್ಲಿ ಟೇಪು, ಎಲ್ಲದರ ಮೇಲೆ ಕಪ್ಪು. ಟೇಪು ಕಿತ್ತರೆ ಗೋಪುರ.

ಚೌಕಟ್ಟಿಗೆ ಒಂದೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಒಣ ಪಟ್ಟಿ ಬೇಕು. ಹಸಿ ಕಟ್ಟಿಗೆ ಬೇಡ, ಅರಿವಿ ಬಿಗಿದ ಮೇಲೆ ಸೊಟ್ಟಗಾಗುತ್ತದೆ. ಬಡಿಗೇರರಿಗೆ ಎರಡು ಮಾತು ಮುಂಚೆಯೇ ಹೇಳಿಡಿ. ಒಂದು, "ಗುಣ್ಯಾ ಹಚ್ಚಿ ನೋಡಿ ಕೂಡಸ್ರಿ" (ಗುಣ್ಯಾ ಎಂದರೆ ಮೂಲೆ ನೇರವಿದೆಯೇ ನೋಡುವ ಮೂಲೆಮಟ್ಟ). ಎರಡು, ಮುಂಬದಿಯ ಒಳ ಅಂಚಿಗೆ ರಂದಾ ಹೊಡೆದು ಇಳಿಜಾರು ಮಾಡುವುದು. ಇಳಿಜಾರಿಲ್ಲದಿದ್ದರೆ ಅರಿವಿ ಕಟ್ಟಿಗೆಗೆ ಆನುತ್ತದೆ, ಬ್ರಷ್ ಆಡಿಸಿದಲ್ಲೆಲ್ಲ ಚೌಕಟ್ಟಿನ ಗೆರೆ ಚಿತ್ರದಲ್ಲಿ ಮೂಡುತ್ತದೆ. ಮನೆಗೆ ತಂದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ: 34 ಇಂಚಿಗೆ ಅರ್ಧ ಸೂತ (ಸೂತ ಎಂದರೆ ಇಂಚಿನ ಎಂಟನೇ ಒಂದು ಭಾಗ) ಕಡಿಮೆ ಬರಬೇಕು. ಎರಡು ಅಳತೆಗಳ ನಡುವೆ ಒಂದು ಸೂತ ವ್ಯತ್ಯಾಸವಿದ್ದರೂ ವಾಪಸ್ ಕೊಡಿ. ಚೌಕಟ್ಟು ಸೊಟ್ಟಗಿದ್ದರೆ ಗೋಪುರ ವಾಲಿದ ಹಾಗೆ ಕಾಣುತ್ತದೆ.

ಅರಿವಿಗೆ ದಪ್ಪ ಖಾದಿ ಚೆನ್ನಾಗಿ ಒಗ್ಗುತ್ತದೆ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ಇರುವುದು ಹುಬ್ಬಳ್ಳಿಯಲ್ಲೇ. ಈ ಭಾಗದವರಿಗೆ ಖಾದಿ ಹುಡುಕುವ ಕಷ್ಟವಿಲ್ಲ. ಅಂಗಿಯ ತೆಳು ಖಾದಿ ಬೇಡ, ಜೋಳಿಗೆ ಹೊಲಿಯುವಂಥ ಒತ್ತಾದ ನೇಯ್ಗೆ ಕೇಳಿ. ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ತೂತು ಕಾಣಬಾರದು. 32 ಇಂಚು ಚೌಕದ ತುಂಡು ತಂದು ಬಿಸಿನೀರಲ್ಲಿ ನೆನೆಹಾಕಿ ಗಂಜಿ ಬಿಡಿಸಿ, ಒಣಗಿಸಿ, ಇಸ್ತ್ರಿ ಮಾಡಿ 28 ಇಂಚಿಗೆ ಕತ್ತರಿಸಿ. ತೊಳೆಯದೆ ಬಿಗಿದರೆ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ಬಿಳಿ ತಳಕೋಟ್) ತಾಗಿದ ಕೂಡಲೇ ಅರಿವಿ ಕುಗ್ಗಿ ಚೌಕಟ್ಟನ್ನೇ ಎಳೆಯುತ್ತದೆ.

ಸ್ಟೇಪಲ್ ಹೊಡೆಯುವಾಗ ಒಂದು ಬದಿಯ ನಡುವೆ ಒಂದು, ಎದುರು ಬದಿಯ ನಡುವೆ ಒಂದು, ಆಮೇಲೆ ಉಳಿದೆರಡು ಬದಿ. ನಡುವಿನಿಂದ ಮೂಲೆಯತ್ತ ಒಂದೂವರೆ ಇಂಚಿಗೊಂದರಂತೆ ಹೋಗಬೇಕು. ಒಂದೇ ಬದಿಯನ್ನು ಪೂರ್ತಿ ಮುಗಿಸಿಬಿಟ್ಟರೆ ಎದುರು ಮೂಲೆಯಲ್ಲಿ ಸುಕ್ಕು ಕೂರುತ್ತದೆ, ಅದನ್ನು ತೆಗೆಯಲು ಎಲ್ಲ ಪಿನ್ನೂ ಕೀಳಬೇಕು.

ಪ್ರೈಮರಿಗೆ ಪೇಟೆಯ ಗೆಸ್ಸೋ ಉತ್ತಮ. ಮನೆಯಲ್ಲೇ ಕಲಸುವುದಾದರೆ ಫೆವಿಕಾಲ್ 1 ಪಾಲು, ಬಿಳಿ ಅಕ್ರಿಲಿಕ್ ಎಮಲ್ಶನ್ 2 ಪಾಲು, ಅರಿವಿಯಲ್ಲಿ ಸೋಸಿದ ಚಾಕ್ ಪೌಡರ್ 2 ಪಾಲು, ನೀರು 1 ಪಾಲು. ಪಾಲಿಗೆ 40 ಮಿ.ಲೀ. ಹಿಡಿದರೆ ಮೂರು ಕೋಟ್ ಆಗಿ ಸ್ವಲ್ಪ ಉಳಿಯುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಬೇಡಿ, ಬಟ್ಟಲಲ್ಲೇ ಗಟ್ಟಿಯಾಗುತ್ತದೆ. ರಂಗೋಲಿ ಪುಡಿ ಒರಟು. ಉಬ್ಬು ಚಿತ್ರಕ್ಕೆ ಬೇಕಾದರೆ ಬಳಸಿ, ಇದಕ್ಕಲ್ಲ. ಮೊದಲ ಕೋಟ್ ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ, ಮೂರನೆಯದು ಮತ್ತೆ ಅಡ್ಡಕ್ಕೆ. ಪ್ರತಿ ಕೋಟ್ ಒಣಗಿದ ಮೇಲೆ 220 ನಂಬರಿನ ಪಾಲಿಶ್ ಪೇಪರ್ ಹಗುರವಾಗಿ ಆಡಿಸಿ. ಉಜ್ಜುವ ಬೇಸರಕ್ಕೆ ಇದನ್ನು ಬಿಟ್ಟವರ ಗೆರೆಗಳೇ ಮುಂದೆ ಹಲ್ಲು ಹಲ್ಲಾಗುವುದು. ನೇಯ್ಗೆಯ ತಗ್ಗುಗಳಲ್ಲಿ ಟೇಪಿನಡಿ ಕಪ್ಪು ನುಸುಳುತ್ತದೆ. ಬೇಸಿಗೆಯಲ್ಲಿ ಎರಡು ತಾಸಿಗೆ ಒಣಗುವ ಕೋಟ್, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇಡೀ ರಾತ್ರಿ ತೆಗೆದುಕೊಳ್ಳುತ್ತದೆ.

ಕೊನೆಯ ಕೋಟ್ ಪೂರ್ತಿ ಒಣಗಿದ ಮೇಲೆ ಮೂಲೆಯಲ್ಲೊಂದು ತುಂಡು ಟೇಪು ಅಂಟಿಸಿ ಕಿತ್ತು ನೋಡಿ. ಅಂಟಿನ ಮೇಲೆ ಬಿಳಿ ಪುಡಿ ಬಂದರೆ ಚಾಕ್ ಹೆಚ್ಚಾಗಿದೆ ಎಂದರ್ಥ. ಹಾಗೇ ಮುಂದುವರಿದರೆ ಟೇಪಿನ ಜೊತೆ ಬಣ್ಣವೂ ಎದ್ದು ಬರುತ್ತದೆ. ಬಿಳಿ ಎಮಲ್ಶನ್ನಿಗೆ ಸ್ವಲ್ಪ ನೀರು ಬೆರೆಸಿ ಮೇಲೊಂದು ಕೋಟ್ ಕೊಟ್ಟು ಮತ್ತೆ ಪರೀಕ್ಷಿಸಿ.

ಈಗ ಬಣ್ಣದ ಪಟ್ಟೆಗಳು. ಗೋಪುರಕ್ಕೆ ಹತ್ತು ಅಂತಸ್ತು, ಒಂದೊಂದು 2 ಇಂಚು ಎತ್ತರ. ಕೆಳಗೆ ಎರಡೂಕಾಲು, ಮೇಲೆ ಒಂದೂಮುಕ್ಕಾಲು ಇಂಚು ಖಾಲಿ. ಕೆಳಗಿನ ನಾಲ್ಕು ಅಂತಸ್ತಿಗೆ ಕೆಂಪು ಕಿತ್ತಳೆ, ಮೇಲಿನ ಮೂರಕ್ಕೆ ಹಸಿರು, ಎರಡಕ್ಕೆ ಬಿಳಿ, ತುದಿಗೆ ಹಳದಿ. ಪಟ್ಟೆಯ ಅಂಚು ಚೊಕ್ಕವಾಗಿರಬೇಕಿಲ್ಲ, ಅದು ಕಪ್ಪಿನಡಿ ಹೋಗುವಂಥದ್ದು. ಪ್ರತಿ ಬಣ್ಣಕ್ಕೆ 30 ಮಿ.ಲೀ. ಸಾಕು, ಎರಡು ತೆಳು ಕೋಟ್.

ಬುಡದ ಅಗಲ 19 ಮನೆ, ಮನೆಗೆ ಒಂದಿಂಚು. ಮೇಲೇರಿದಂತೆ ಎರಡೂ ಕಡೆ ಒಂದೊಂದು ಮನೆ ಕಡಿಮೆ: 17, 15, 13, ಹೀಗೆ ತುದಿಗೆ 1. ಬೆಸ ಸಂಖ್ಯೆಯೇ ಬೇಕು. 20 ಮನೆಯಿಂದ ಹೊರಟರೆ ಕಳಸ ಒಂಟಿಯಾಗಿ ನಿಲ್ಲುವುದಿಲ್ಲ. ಅಳತೆಯನ್ನು ಎಡ ಅಂಚಿನಿಂದ ಶುರುಮಾಡದೆ ನಡುಗೆರೆಯಿಂದ ಎರಡೂ ಕಡೆ ಒಂಬತ್ತೂವರೆ ಇಂಚು ಹಿಡಿಯಿರಿ. ಪೆನ್ಸಿಲ್ ಗುರುತು ಟೇಪಿನ ಅಂಚು ಬರುವಲ್ಲಿ, ಟೇಪಿನ ಹೊರಗೆ ಇರಲಿ. ಟೇಪಿನಡಿ ಉಳಿದ ಸೀಸದ ಗುರುತು ಕೊನೆಗೆ ಬಿಳಿ ಗೆರೆಯ ಮೇಲೆ ಎದ್ದು ಕಾಣುತ್ತದೆ.

ಒಂದಿಂಚಿನದೆಂದು ಕೊಡುವ ಟೇಪು ಅಳೆದರೆ ಸಾಮಾನ್ಯವಾಗಿ 24 ಮಿ.ಮೀ. ಇರುತ್ತದೆ. ಅದನ್ನೇ ಅಳತೆಗೋಲು ಮಾಡಿಕೊಂಡರೆ ಮನೆಗೆ 1.4 ಮಿ.ಮೀ.ನಂತೆ 19 ಮನೆಗೆ ಒಂದಿಂಚಿಗಿಂತ ಹೆಚ್ಚು ತಪ್ಪುತ್ತದೆ. ಆದರೆ ಈ 24 ಒಂದು ಅನುಕೂಲವೂ ಹೌದು. ಟೈಲ್ಸ್ ಮೇಲೆ ಟೇಪು ಅಂಟಿಸಿ, ಸ್ಟೀಲ್ ಸ್ಕೇಲ್ ಇಟ್ಟು ಕಟ್ಟರ್‌ನಿಂದ ನಾಲ್ಕಾಗಿ ಸೀಳಿದರೆ 6 ಮಿ.ಮೀ.ನ ನಾಲ್ಕು ಎಳೆ. ಗೆರೆಯ ದಪ್ಪ ಅದೇ. ಗೋಪುರದ ಸುತ್ತಳತೆ 78 ಇಂಚು, ಅಂತಸ್ತುಗಳ ನಡುವಿನ ಅಡ್ಡಗೆರೆ 81 ಇಂಚು, ಒಟ್ಟು ಸುಮಾರು 4 ಮೀಟರ್. ಕೆಳಗಿನ ಎರಡು ಅಂತಸ್ತಿನಲ್ಲಿ ಒಂದು ಬಿಟ್ಟು ಒಂದು ಮನೆಗೆ ಮೆಂತಿ ಗುಣಾಕಾರ ಹಾಕಿ. ಎಲ್ಲ ಮನೆಗೂ ಹಾಕಿದರೆ ಗಿಜಿಗಿಜಿ.

ಎಳೆಗಳನ್ನು ಒಂದರ ಮೇಲೊಂದು ಹಾಯಿಸಬೇಡಿ. ಮೇಲಿನ ಎಳೆ ಕೆಳಗಿನದನ್ನು ಹತ್ತಿ ಇಳಿಯುವಲ್ಲಿ ಕೂದಲೆಳೆಯಷ್ಟು ಸಂದು ಉಳಿಯುತ್ತದೆ, ಕಪ್ಪಿಗೆ ಅಷ್ಟೇ ದಾರಿ ಸಾಕು. ತುದಿಗೆ ತುದಿ ತಾಗಿಸಿ ಕೂಡಿಸಿ. ಕತ್ತರಿಸುವುದು ಟೈಲ್ಸ್ ಮೇಲೆ, ಕ್ಯಾನ್ವಾಸಿನ ಮೇಲೆ ಬ್ಲೇಡು ಬೇಡ. ಅಂಟಿಸುವಾಗ ಹಿಂಬದಿಗೆ ಪುಸ್ತಕಗಳನ್ನು ಒಡ್ಡಿ. ಆಸರೆಯಿಲ್ಲದ ಅರಿವಿ ಕುಣಿಯುತ್ತದೆ, ಟೇಪು ಕೂರುವುದಿಲ್ಲ. ಉಗುರಿನಿಂದ ಅಂಚನ್ನು ಒತ್ತುತ್ತ ಹೋಗಿ.

ಇನ್ನು ಯಾರೂ ಬಿಡಬಾರದ ಕೆಲಸ. ಕಪ್ಪಿಗೆ ಮುನ್ನ, ಟೇಪಿನ ಅಂಚುಗಳ ಮೇಲೆ ಆಯಾ ಪಟ್ಟೆಯ ಬಣ್ಣವನ್ನೇ ತೆಳುವಾಗಿ ಸವರಿ 20 ನಿಮಿಷ ಬಿಡಿ. ನುಸುಳುವ ಬಣ್ಣವಿದ್ದರೆ ಇದೇ ನುಸುಳಿ ಸಂದು ಮುಚ್ಚುತ್ತದೆ. ಹಸಿರಿನಡಿ ಹಸಿರು ನುಸುಳಿದರೆ ಯಾರಿಗೆ ಕಾಣಬೇಕು?

ಕಪ್ಪು ಅಕ್ರಿಲಿಕ್ 120 ಮಿ.ಲೀ. ಟ್ಯೂಬ್ ಒಂದು ಸಾಕು, ಪಕ್ಕದ ಅಂಚುಗಳನ್ನೂ ಸೇರಿಸಿ. ನೀರು ಬೆರೆಸದೆ 4 ಇಂಚಿನ ಸ್ಪಂಜ್ ರೋಲರ್‌ನಲ್ಲಿ ಎರಡು ತೆಳು ಕೋಟ್. ಏಪ್ರಿಲ್-ಮೇ ಮಧ್ಯಾಹ್ನ ಫ್ಯಾನಿನಡಿ ಬಳಿದರೆ ಒಂದು ತುದಿ ಮುಗಿಯುವಷ್ಟರಲ್ಲಿ ಇನ್ನೊಂದು ಒಣಗಿ ಪಟ್ಟೆ ಬೀಳುತ್ತದೆ. ಬೆಳಗ್ಗೆಯೇ ಮುಗಿಸಿ.

ಎರಡನೇ ಕೋಟ್ ಕೈಗೆ ಹತ್ತದಷ್ಟು ಒಣಗಿದ ಕೂಡಲೇ, ಸುಮಾರು ಅರ್ಧ ತಾಸಿಗೆ, ಟೇಪನ್ನು ಅದರ ಮೇಲೆಯೇ ಮಡಚಿ ನಿಧಾನ ಎಳೆಯಿರಿ. ರಾತ್ರಿಯಿಡೀ ಬಿಟ್ಟರೆ ಕಪ್ಪಿನ ಪೊರೆ ಟೇಪಿಗೂ ಹಿನ್ನೆಲೆಗೂ ಒಂದಾಗಿ, ಕೀಳುವಾಗ ಅಂಚು ಹರಿಯುತ್ತದೆ. ಅಲ್ಲಲ್ಲಿ ಕಪ್ಪು ನುಸುಳಿದ್ದರೆ ಒದ್ದೆ ಅರಿವಿಯಿಂದ ಒರೆಸಲು ಹೋಗಬೇಡಿ. ಮರುದಿನ ಸಣ್ಣ ಚಪ್ಪಟೆ ಬ್ರಷ್ಷಿನಲ್ಲಿ ಆ ಬಣ್ಣ ಮುಟ್ಟಿಸಿ.

ಒಂದು ವಾರ ಬಿಟ್ಟು ಅಕ್ರಿಲಿಕ್ ವಾರ್ನಿಶ್, ಎರಡು ಕೋಟ್. ಮ್ಯಾಟ್ ಬೇಡ, ಕಪ್ಪು ಬೂದಿ ಹೊಡೆದ ಹಾಗಾಗುತ್ತದೆ, ಸ್ಯಾಟಿನ್ ತೆಗೆದುಕೊಳ್ಳಿ. ಮಳೆ ಬೀಳುವ ದಿನ ಸ್ಪ್ರೇ ಹೊಡೆದರೂ ಬಿಳಿ ಮಂಜು ಕೂರುತ್ತದೆ.

ತೂಗುಹಾಕುವ ಕೊಂಡಿ ಮೇಲಿನಿಂದ 8 ಇಂಚಿಗೆ. ಚಿತ್ರದ ನಡು ನೆಲದಿಂದ ಐದು ಅಡಿಯೊಳಗಿರಲಿ. ಹಳೆ ಮನೆಯ ಮಣ್ಣಿನ ಗೋಡೆಯಲ್ಲಿ ಬರೀ ಮೊಳೆ ನಿಲ್ಲುವುದಿಲ್ಲ, ಕಟ್ಟಿಗೆ ಗೂಟ ಬಡಿದು ಅದಕ್ಕೆ ಮೊಳೆ ಹೊಡೆಯಿರಿ. ಮಳೆಗೆ ಥಂಡಿ ಹಿಡಿಯುವ ಗೋಡೆಯಾದರೆ ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಅರ್ಧ ಇಂಚು ದಪ್ಪದ ರಬ್ಬರ್ ತುಂಡು ಅಂಟಿಸಿ. ಗಾಳಿಯಾಡದಿದ್ದರೆ ಖಾದಿಗೆ ಹಿಂದಿನಿಂದ ಬೂಸು ಹಿಡಿಯುತ್ತದೆ.