ವಲಸೆ ಹಕ್ಕಿಗಳ ಕಾಲದಲ್ಲಿ ಅಪಾರ್ಟ್‌ಮೆಂಟಿನ ದೀಪ ತಗ್ಗಿಸುವ ಬಗೆ

ಅಕ್ಟೋಬರ್, ನವೆಂಬರ್ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬುಡದಲ್ಲಿ ಬೆಳಗ್ಗೆ ಒಮ್ಮೊಮ್ಮೆ ನವರಂಗ ಹಕ್ಕಿ ಬಿದ್ದಿರುತ್ತದೆ. ಹಸಿರು ಬೆನ್ನು, ಮೋಟು ಬಾಲ, ಬಾಲದಡಿ ಕುಂಕುಮದಂಥ ಕೆಂಪು. ಹಿಮಾಲಯದ ತಪ್ಪಲಲ್ಲೂ ಮಧ್ಯಭಾರತದ ಕಾಡುಗಳಲ್ಲೂ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಇದು ಹಾರುವುದು ರಾತ್ರಿ ಹೊತ್ತು. ಮೋಡ ಕವಿದಾಗ ಪ್ರಖರ ಬೆಳಕು ಸಿಕ್ಕಿತೋ, ದಿಕ್ಕುತಪ್ಪಿ ಅಲ್ಲೇ ಸುತ್ತಿ ಸುಸ್ತಾಗುತ್ತದೆ, ಇಲ್ಲವೇ ಗಾಜಿಗೆ ಬಡಿಯುತ್ತದೆ. ದೀಪ ಆರಿಸಿದರೆ ಫಲ ಕೂಡಲೇ ಕಾಣುತ್ತದೆ: ನ್ಯೂಯಾರ್ಕಿನಲ್ಲಿ ಸೆಪ್ಟೆಂಬರ್ 11ರ ನೆನಪಿಗೆ ಆಕಾಶಕ್ಕೆ ಬಿಡುವ ಬೆಳಕಿನ ಕಂಬಗಳನ್ನು ಆರಿಸಿದಾಗ, ಮುತ್ತಿದ್ದ ಹಕ್ಕಿಗಳು ಕೆಲವೇ ನಿಮಿಷದಲ್ಲಿ ಚದುರಿದ್ದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ.

ಮೊದಲು ರಾತ್ರಿ 11ಕ್ಕೆ ಎದುರು ರಸ್ತೆಯಲ್ಲಿ ನಿಂತು ನೋಡಿ. ಮೇಲ್ಮುಖ ಬೆಳಕು, ಟೆರೇಸಿನ ಹೆಸರು ಫಲಕ, ಓವರ್‌ಹೆಡ್ ಟ್ಯಾಂಕಿನ ಫ್ಲಡ್‌ಲೈಟ್, ಗಾಜಿನೊಳಗಿನ ಮೆಟ್ಟಿಲ ದೀಪ, ಎಲ್ಲ ಬರೆದುಕೊಳ್ಳಿ. ಮೊದಲ ಮೂರು ಅಲಂಕಾರಕ್ಕಷ್ಟೇ. ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಕೊನೆವರೆಗೆ, ಮತ್ತೆ ಮಾರ್ಚ್–ಏಪ್ರಿಲ್‌ನಲ್ಲಿ, ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ಪೂರ್ತಿ ಆರಿಸಿ. ರಾತ್ರಿ 9ಕ್ಕೇ ಆರಿಸಿದರೆ ಇನ್ನೂ ಒಳ್ಳೆಯದು.

ಇದನ್ನು ವಾಚ್‌ಮನ್ ನೆನಪಿಗೆ ಬಿಡಬೇಡಿ, ಟೈಮರ್ ಹಾಕಿಸಿ. ಎಡವುವುದು ಇಲ್ಲೇ. ಬ್ಯಾಟರಿ ಇಲ್ಲದ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತುಬಿಡುತ್ತದೆ. ಅರ್ಧರ್ಧ ಗಂಟೆಯಂತೆ ನಾಲ್ಕು ಸಲ ಕರೆಂಟ್ ಹೋದರೆ 11ರ ದೀಪ 1ಕ್ಕೆ ಆರುತ್ತದೆ. ಬ್ಯಾಟರಿ ಬ್ಯಾಕಪ್ ಇರುವ ಡಿಜಿಟಲ್ ಟೈಮರನ್ನೇ ಕೇಳಿ. ಹತ್ತಾರು ಎಲ್‌ಇಡಿಗಳನ್ನು ನೇರ ಟೈಮರಿಗೇ ಕೊಟ್ಟರೆ ಆನ್ ಆಗುವ ಕ್ಷಣದಲ್ಲಿ ಎಳೆಯುವ ಕರೆಂಟಿಗೆ ಒಳಗಿನ ಸಂಪರ್ಕ ಬೆಸೆದುಕೊಳ್ಳುತ್ತದೆ, ಆಮೇಲೆ ದೀಪ ಆರುವುದೇ ಇಲ್ಲ. ನಡುವೆ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಾಳುವ ಸ್ವಿಚ್) ಇರಲಿ.

ಮೆಟ್ಟಿಲು, ಪಾರ್ಕಿಂಗಿಗೆ ಮೋಷನ್ ಸೆನ್ಸರ್ ಸಾಕು: ಎರಡೂವರೆ ಮೀಟರ್ ಎತ್ತರ, ಒಂದು ನಿಮಿಷದ ಅವಧಿ. ಕೊಂಬೆಗಳತ್ತ, ರಸ್ತೆಯತ್ತ ಮುಖ ಮಾಡಿಸಿದರೆ ಗಾಳಿಗೂ ವಾಹನಕ್ಕೂ ರಾತ್ರಿಯಿಡೀ ಹತ್ತುತ್ತಿರುತ್ತದೆ.

ಗೇಟಿನ ದೀಪ ಉಳಿಯಲಿ. ಕಾವಲು ಬೇಕೇ ಬೇಕು. ಆದರೆ ಬ್ರಾಕೆಟ್ಟಿನ ನಟ್ ಸಡಿಲಿಸಿ ಅದರ ಗಾಜು ನೇರ ನೆಲ ನೋಡುವಂತೆ ಬಗ್ಗಿಸಿ. 6500 ಕೆಲ್ವಿನ್‌ನ (ಇದು ಬೆಳಕಿನ ಬಣ್ಣದ ಅಳತೆ) ಬಿಳಿ ಬಲ್ಬಿನ ಬದಲು 2700 ಅಥವಾ ಅದಕ್ಕಿಂತ ಕಡಿಮೆಯ ಹಳದಿ ಬಲ್ಬನ್ನು ಹಾಕಿ. ಬಣ್ಣವನ್ನಷ್ಟೇ ಬದಲಿಸಿ ದಿಕ್ಕು ಬದಲಿಸದಿದ್ದರೆ ಹೆಚ್ಚೇನೂ ಪ್ರಯೋಜನವಿಲ್ಲ. ಟೆರೇಸಿನ ಕೆಂಪು ವಿಮಾನ ಎಚ್ಚರಿಕೆ ದೀಪವನ್ನು ಮಾತ್ರ ಮುಟ್ಟಲೇಬೇಡಿ.

ಮನೆಗಳಲ್ಲಿ ರಾತ್ರಿ ಪರದೆ ಎಳೆದರೆ ಸಾಕು.

ಇಷ್ಟಾದರೂ ಹಕ್ಕಿ ಬಿದ್ದು ಸಿಕ್ಕರೆ, ಗಾಳಿತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಮುಚ್ಚಿ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಕೂಡಲೇ ಅರಣ್ಯ ಇಲಾಖೆಗೋ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೋ ಫೋನ್ ಮಾಡಿ. ಅವರು ಬರುವವರೆಗೆ ಮಕ್ಕಳಿಗೆ ತೋರಿಸಲೆಂದು ಡಬ್ಬಿ ತೆರೆಯುವುದು ಬೇಡ.