11 ಕ್ಯಾಟಗರಿ, 4 ಜನ

ಗೆಳೆಯನೊಬ್ಬ ಮಾಡಿದ, ಓಡುತ್ತಾ ಹಾರುತ್ತಾ ಸಾಗುವ ಪುಟ್ಟ ಪ್ಲಾಟ್‌ಫಾರ್ಮ್ ಆಟದ ಲೀಡರ್‌ಬೋರ್ಡ್ (ಯಾರು ಆಟವನ್ನು ಎಷ್ಟು ಬೇಗ ಮುಗಿಸಿದರು ಅನ್ನೋ ಪಟ್ಟಿ) ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ಬಸವನಗುಡಿಯ ದರ್ಶಿನಿಯೊಂದರಲ್ಲಿ ಬೈಟು ಕಾಫಿ ಕುಡಿಯುತ್ತಾ ಒಂದೇ ಏಟಿಗೆ 11 ಕ್ಯಾಟಗರಿ ಬರೆದೆ, ಒಂದೊಂದು ಷರತ್ತಿಗೆ ಒಂದೊಂದು ಪಟ್ಟಿ. ಎನಿ ಪರ್ಸೆಂಟ್ (ಹೇಗಾದರೂ ಸರಿ, ಮುಗಿಸಿದರೆ ಸಾಕು), ಹಂಡ್ರೆಡ್ ಪರ್ಸೆಂಟ್ (ಆಟದಲ್ಲಿರೋದೆಲ್ಲ ಪೂರ್ತಿ ಮಾಡಬೇಕು), ಒಮ್ಮೆಯೂ ಸಾಯದೆ, ಒಂದೂ ನಾಣ್ಯ ಮುಟ್ಟದೆ... ಆಡುತ್ತಿದ್ದವರು 4 ಜನ. ಎರಡು ತಿಂಗಳಾದರೂ 7 ಪಟ್ಟಿ ಖಾಲಿ. ನಾಣ್ಯ ಮುಟ್ಟದ ಪಟ್ಟಿಯಲ್ಲಿ ನಾನೊಬ್ಬನೇ. ವಿಶ್ವದಾಖಲೆ ನಂದೇ!

ತಪ್ಪು ಎಲ್ಲಿ ಅಂತ ಆಮೇಲೆ ಗೊತ್ತಾಯಿತು. 1996ರ 'ಸೂಪರ್ ಮಾರಿಯೊ 64' ನೋಡಿ. ಆಟದಲ್ಲಿರುವ 120 ನಕ್ಷತ್ರ ಪೂರ್ತಿ ಕೂಡಿಸಿದ್ದಕ್ಕೆ ಒಂದು ಪಟ್ಟಿ, ಖಳನಾಯಕ ಬೌಸರ್ ಜೊತೆಗಿನ ಕೊನೆಯ ಕಾಳಗಕ್ಕೆ ಹೋಗಲು ಆಟವೇ ಕೇಳುವ 70ಕ್ಕೆ ಒಂದು. 16ರದ್ದು, 0ಯದ್ದು ಹುಟ್ಟಿದ್ದು ಆಟಗಾರರು ಅಡ್ಡದಾರಿ ಕಂಡುಹಿಡಿದ ಮೇಲೆ. ಜನ ಮೊದಲು ಆಡಿದರು, ಪಟ್ಟಿ ಆಮೇಲೆ ಬಂತು. ನಾನು ಉಲ್ಟಾ ಮಾಡಿದ್ದೆ.

ಅದಕ್ಕಿಂತ ದೊಡ್ಡ ತಲೆನೋವು ಗಡಿಯಾರದ್ದು. ಮೊದಲ ಸ್ಥಾನಕ್ಕೆ ಇಬ್ಬರ ಜಗಳ. ಒಬ್ಬ ಸ್ಟಾರ್ಟ್ ಬಟನ್ ಒತ್ತಿದಾಗಿನಿಂದ ಸಮಯ ಹಿಡಿದಿದ್ದ, ಇನ್ನೊಬ್ಬ ಗೊಂಬೆ ಅಲುಗಾಡಿದಾಗಿನಿಂದ. ವಿಡಿಯೊ ಯೂಟ್ಯೂಬ್‌ನಲ್ಲಿ ನಿಲ್ಲಿಸಿ, ಅಲ್ಪವಿರಾಮದ ಕೀ, ಪೂರ್ಣವಿರಾಮದ ಕೀ ಒತ್ತುತ್ತಾ ಫ್ರೇಮ್ (ವಿಡಿಯೊದ ಒಂದೊಂದು ಚಿತ್ರ) ಎಣಿಸಿದೆ. ಸೆಕೆಂಡಿಗೆ 30 ಫ್ರೇಮ್. ಶುರುವಿನಲ್ಲೇ 13 ಫ್ರೇಮ್ ವ್ಯತ್ಯಾಸ, ಅಂದರೆ 0.433 ಸೆಕೆಂಡ್. ಅವರಿಬ್ಬರ ನಡುವೆ ಇದ್ದ ಅಂತರ ಅದಕ್ಕಿಂತ ಕಡಿಮೆ!

"ಅಣ್ಣಾ, ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಕೂತಾಗಿಂದ ಲೆಕ್ಕನಾ, ಬಸ್ ಹೊರಟಾಗಿಂದನಾ?" ಅಂತ ಕೇಳಿದ ಅವರಲ್ಲಿ ಚಿಕ್ಕವನು. ಹೊರಟಾಗಿಂದ ಅಂದೆ. ಗೊಂಬೆ ಮೊದಲು ಅಲುಗಾಡಿದ ಫ್ರೇಮಿಗೆ ಶುರು, ಕೊನೆಯ ಬಾಗಿಲು ಮುಟ್ಟಿದ ಫ್ರೇಮಿಗೆ ಮುಗಿಯಿತು. ಹಳೇ ಫೋನಿನವರಿಗೆ ಮೋಸ ಆಗಬಾರದು ಅಂತ ಲೋಡಿಂಗ್ ಸಮಯ ಕಳೆಯೋದು. ಒಂದು ಆಟಕ್ಕೆ 12 ಲೋಡಿಂಗ್, ಕಳೆಯುವಷ್ಟರಲ್ಲಿ ಅರ್ಧ ಗಂಟೆ. ಹಾಗಾಗಿ ಮೊದಲ 3 ಸ್ಥಾನಕ್ಕೆ ಮಾತ್ರ ನಾನು ಎಣಿಸುತ್ತೇನೆ. ಉಳಿದವರು ಹೇಳಿದ್ದನ್ನು ನಂಬುತ್ತೇನೆ. ಕೊನೆಯ ಸ್ಥಾನಕ್ಕೆ ಸುಳ್ಳು ಹೇಳಿ ಯಾರಿಗೇನು ಸಿಗುತ್ತೆ, ಅಲ್ವಾ?

ಇನ್ನು ಗೋಡೆಯೊಳಗೆ ತೂರುವ ಗ್ಲಿಚ್, ಅಂದರೆ ಆಟದ ಪ್ರೋಗ್ರಾಮಿನ ದೋಷ. ಅದನ್ನು ನಿಷೇಧಿಸಲಿಲ್ಲ, ಎನಿ ಪರ್ಸೆಂಟ್‌ನಲ್ಲಿ ಬಿಟ್ಟೆ. ಗ್ಲಿಚ್‌ಲೆಸ್ ಅಂತ ಬೇರೆ ಪಟ್ಟಿ ಮಾಡಿ 'ಗ್ಲಿಚ್ ಬಳಸಬಾರದು' ಅಂತ ಒಂದೇ ಸಾಲು ಹಾಕಿದೆ. ಮಾರನೇ ದಿನವೇ ಪ್ರಶ್ನೆ: ಮೂಲೆಗೆ ಒತ್ತಿ ಎರಡು ಸಲ ಹಾರೋದು ಗ್ಲಿಚ್ಚಾ? ಆಟ ಮಾಡಿದವನನ್ನೇ ಕೇಳಿದೆ. "ಗೊತ್ತಿಲ್ಲ ಗುರು, ಅದು ಹೆಂಗೆ ಆಗುತ್ತೋ" ಅಂದ. ಈಗ ನಿಯಮದಲ್ಲಿ ಆ ಪದವನ್ನೇ ನೆಚ್ಚಿಕೊಂಡಿಲ್ಲ. ಮಾಡಬಾರದ 3 ಟ್ರಿಕ್‌ಗಳ ಹೆಸರು, ಪ್ರತಿಯೊಂದಕ್ಕೂ ಒಂದು ಚಿಕ್ಕ ವಿಡಿಯೊ. ಮೂಲೆಯ ಜಿಗಿತಕ್ಕೆ ಒಪ್ಪಿಗೆ ಇದೆ.

ಈಗ ಉಳಿದಿರೋದು 3 ಪಟ್ಟಿ. ನಾಣ್ಯ ಮುಟ್ಟದ್ದನ್ನು ತೆಗೆದೆ, ಜೊತೆಗೆ ನನ್ನ ವಿಶ್ವದಾಖಲೆಯೂ ಹೋಯಿತು. ಕಳೆದ ವಾರ ಒಬ್ಬ ಅದನ್ನು ವಾಪಸ್ ಕೇಳಿದ. ನಿನ್ನ ಜೊತೆ ಇನ್ನೊಬ್ಬ ವಿಡಿಯೊ ಕಳಿಸಲಿ, ಆಮೇಲೆ ನೋಡೋಣ ಅಂದಿದ್ದೇನೆ.